ಮೊಬೈಲ್ ಪಕ್ಕದ ಡಬ್ಬಿ

ದಾವಣಗೆರೆಯ ಒಂದು ಮನೆ, ಎರಡನೇ ಮಹಡಿ. ಹುಡುಗನಿಗೆ 11 ವರ್ಷ, ಆರನೇ ಕ್ಲಾಸು. "ಮೂರು ಹೊತ್ತೂ ಗೇಮ್, ಅದಕ್ಕೇ ಹಿಂಗೆ ಊದ್ಕೊಂಡಾನೆ" ಅಂತ ಅಪ್ಪ. "ಬೆಳೆಯೋ ಹುಡುಗ, ತಿನ್ಲಿ ಬಿಡ್ರಿ" ಅಂತ ಅಜ್ಜಿ. ಇಬ್ಬರ ವಾದವನ್ನೂ ಬದಿಗಿಟ್ಟು, ಒಂದು ಭಾನುವಾರ ಬೆಳಗಿನಿಂದ ರಾತ್ರಿಯವರೆಗೆ ತೂಗಿ, ಅಳೆದು, ಗಡಿಯಾರ ನೋಡಿ ಬರೆದಿಟ್ಟ ಲೆಕ್ಕ ಇದು.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಟೈಲರ್ ಟೇಪು, ನಿಂತು ತೂಕ ನೋಡುವ ಮಷಿನ್, ಒಂದು ನೋಟ್‌ಬುಕ್. ತಿಂಡಿ ಡಬ್ಬಿಯನ್ನು ಹುಡುಗನ ಹತ್ತಿರ ಇಡುವ ಮುಂಚೆ ಒಮ್ಮೆ, ಎತ್ತಿದ ಮೇಲೆ ಒಮ್ಮೆ ತೂಗಬೇಕು. ಎರಡರ ವ್ಯತ್ಯಾಸವೇ ತಿಂದದ್ದು. ರಾತ್ರಿ ಕೂತು ನೆನಪಿನಿಂದ ಬರೆದರೆ ಲೆಕ್ಕ ಹಳ್ಳ ಹಿಡಿಯುತ್ತದೆ. ಊಟ ನೆನಪಿರುತ್ತದೆ, ನಡುವೆ ಕೈಹಾಕಿದ್ದು ನೆನಪಿರುವುದಿಲ್ಲ. ಮೊಬೈಲಿನ ಹೊತ್ತನ್ನೂ ಅಂದಾಜಿಗೆ ಬಿಡಬಾರದು. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ 'ಡಿಜಿಟಲ್ ವೆಲ್‌ಬೀಯಿಂಗ್'ನಲ್ಲಿ ಯಾವ ಆ್ಯಪ್ ಎಷ್ಟು ನಿಮಿಷ ಅಂತ ಬೇರೆಬೇರೆಯಾಗಿ ಸಿಗುತ್ತದೆ. ಈ 'ಬೇರೆಬೇರೆ'ಯೇ ಕೊನೆಗೆ ಮುಖ್ಯವಾಯಿತು.

ಹುಡುಗ ಎದ್ದದ್ದು 7:40ಕ್ಕೆ. ಹಿಂದಿನ ರಾತ್ರಿ ಮಲಗಿದ್ದು 12:45ಕ್ಕೆ, ಅಂದರೆ ಏಳು ತಾಸೂ ನಿದ್ದೆ ಇಲ್ಲ. ಶೌಚಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ, ಬರಿಗಾಲಲ್ಲಿ, ಚಾಪೆ ಇಲ್ಲದ ಗಟ್ಟಿ ನೆಲದ ಮೇಲೆ ತೂಕ: 43 ಕೆ.ಜಿ. ಎತ್ತರಕ್ಕೆ ಹಿಮ್ಮಡಿ, ಬೆನ್ನು ಗೋಡೆಗೆ ತಾಗಿಸಿ, ದಪ್ಪ ಪುಸ್ತಕವನ್ನು ಗೋಡೆಗೆ ಒತ್ತಿಕೊಂಡೇ ತಲೆ ಮೇಲೆ ಇಳಿಸಿ ಗೆರೆ ಎಳೆಯಬೇಕು. ಮೂರು ಸಲ ಅಳೆದಾಗ ಎರಡು ಸಲ 142 ಸೆಂ.ಮೀ. ಬಂತು. ಬಿಎಂಐ, ಅಂದರೆ ಕೆ.ಜಿ. ತೂಕವನ್ನು ಮೀಟರಿನ ಎತ್ತರದಿಂದ ಎರಡು ಸಲ ಭಾಗಿಸಿದ್ದು, 21.3. ದೊಡ್ಡವರಿಗಾದರೆ ಇದು ಸರಿಯಾದ ಅಂಕಿ. 11 ವರ್ಷದ ಹುಡುಗನಿಗೆ ಅಲ್ಲ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2015ರಲ್ಲಿ ಕೊಟ್ಟ ಪಟದಲ್ಲಿ ದೊಡ್ಡವರ 23ಕ್ಕೆ ಸಮನಾದ ಒಂದು ಗೆರೆ (ದಾಟಿದರೆ ಹೆಚ್ಚು ತೂಕ), 27ಕ್ಕೆ ಸಮನಾದ ಇನ್ನೊಂದು ಗೆರೆ (ದಾಟಿದರೆ ಬೊಜ್ಜು) ಇವೆ. ಈ ಹುಡುಗ ಮೊದಲನೆಯದನ್ನು ದಾಟಿದ್ದಾನೆ, ಎರಡನೆಯದನ್ನು ಇನ್ನೂ ಮುಟ್ಟಿಲ್ಲ. ಪಟ ಸಿಗದಿದ್ದರೆ ಟೇಪು ಸಾಕು: ಸೊಂಟದ ಸುತ್ತಳತೆ ಎತ್ತರದ ಅರ್ಧ ಮೀರಬಾರದು. 142ಕ್ಕೆ 71, ಇವನದು 76. ಕತ್ತಿನ ಹಿಂದೆ ದಪ್ಪಗೆ, ಮಖಮಲ್ಲಿನ ಹಾಗೆ ಕಪ್ಪು. ಅಮ್ಮ ಅದನ್ನು ಕೊಳೆ ಅಂದುಕೊಂಡು ವರ್ಷದಿಂದ ಉಜ್ಜುತ್ತಿದ್ದಳು. ಅದು ಕೊಳೆಯಲ್ಲ. ದೇಹ ಇನ್ಸುಲಿನ್ನಿಗೆ ಸರಿಯಾಗಿ ಓಗೊಡದಿದ್ದಾಗ ಚರ್ಮ ಹೀಗಾಗುವುದುಂಟು, ಹಾಗಾಗಿ ಡಾಕ್ಟರಿಗೆ ತೋರಿಸಬೇಕಾದ ಗುರುತು.

ತಿಂಡಿಗೆ ಎರಡು ಬೆಣ್ಣೆ ದೋಸೆ, ಪಲ್ಯ. ಭಾನುವಾರ, ಅದೂ ದಾವಣಗೆರೆ, ಅದರ ಬಗ್ಗೆ ತಕರಾರಿಲ್ಲ. 10:20ಕ್ಕೆ ಬಿಜಿಎಂಐ ಶುರು, ಗೆಳೆಯರು ತಂಡ ಕಟ್ಟಿ ಆಡುವ ಗುಂಡು ಹಾರಿಸುವ ಮೊಬೈಲ್ ಗೇಮ್ ಅದು. ಮೊದಲ ಮ್ಯಾಚು 27 ನಿಮಿಷ ನಡೆಯಿತು. ಪಕ್ಕದಲ್ಲೇ ಚಿಪ್ಸ್ ಪ್ಯಾಕೆಟ್ ಬಾಯಿ ತೆರೆದುಕೊಂಡಿತ್ತು, ಒಂದು ತುಂಡೂ ಕಡಿಮೆಯಾಗಲಿಲ್ಲ. ಹೇಗಾಗಬೇಕು? ಎರಡೂ ಹೆಬ್ಬೆರಳು ಪರದೆಯ ಮೇಲೆ, ಜಿಡ್ಡು ಕೈಯಲ್ಲಿ ಗುರಿ ಜಾರುತ್ತದೆ. ಹುಡುಗ ಗೇಮಿನಲ್ಲಿ ಸತ್ತು ಲಾಬಿಗೆ (ಮ್ಯಾಚಿನಾಚೆ ಕಾಯುವ ಪರದೆಗೆ) ಬಂದು, ಗೆಳೆಯರ ಆಟ ಮುಗಿಯಲಿ ಅಂತ ಕಾಯುವಾಗ ಕೈ ಪ್ಯಾಕೆಟ್ಟಿಗೆ ಹೋಯಿತು. ಮಧ್ಯಾಹ್ನದೊಳಗೆ 52 ಗ್ರಾಂ ಚಿಪ್ಸು, 250 ಮಿ.ಲೀ. ಕೋಲಾ ಖಾಲಿ.

ಊಟಕ್ಕೆ ಅನ್ನ, ಸಾರು. ತಟ್ಟೆಯ ಮುಂದೆ ನೀರಿನ ಚೊಂಬಿಗೆ ಒರಗಿಸಿದ ಮೊಬೈಲು, ಅದರಲ್ಲಿ ಬೇರೆ ಯಾರೋ ಆಡುವ ಗೇಮಿನ ವಿಡಿಯೊ. ಕಣ್ಣಿಗೆ ಕೆಲಸ, ಕೈಗೆ ಬಿಡುವು. ಎಂಟು ನಿಮಿಷದಲ್ಲಿ 410 ಗ್ರಾಂ ಅನ್ನ ಮುಗಿಯಿತು. ಸಾಕು ಅಂತ ಹೊಟ್ಟೆ ಹೇಳುವುದಕ್ಕೆ ಹಿಡಿಯುವಷ್ಟು ಹೊತ್ತೂ ಆಗಿರಲಿಲ್ಲ. ಊಟ ಮುಗಿದ ಮೇಲೂ ವಿಡಿಯೊ ಮುಗಿಯಲಿಲ್ಲ, ಅಜ್ಜಿಯ ಕೋಡುಬಳೆ ಡಬ್ಬಿ ಬಂತು: 60 ಗ್ರಾಂ. ಮೂರೂವರೆಗೆ ಮತ್ತೆ ಗೇಮು, ನಡುವೆ 200 ಮಿ.ಲೀ. ಮಾವಿನ ಜ್ಯೂಸ್ ಅನ್ನಿಸಿಕೊಳ್ಳುವ ಪಾನೀಯ. ರಾತ್ರಿ ಹೊದಿಕೆಯೊಳಗೆ 12:20ರವರೆಗೆ ವಿಡಿಯೊ, ಜೊತೆಗೆ 50 ಗ್ರಾಂ ಕ್ರೀಮ್ ಬಿಸ್ಕತ್ತು. ಮರುದಿನ ಶಾಲೆಗೆ ಏಳಬೇಕಾದದ್ದು ಆರೂವರೆಗೆ.

ಈಗ ಕೂಡಿಸೋಣ. ಚಿಪ್ಸು 280 ಕ್ಯಾಲೊರಿ, ಕೋಲಾ 110, ಕೋಡುಬಳೆ ಹತ್ತಿರ ಹತ್ತಿರ 300, ಮಾವಿನ ಪಾನೀಯ 110, ಬಿಸ್ಕತ್ತು 245. ಊಟ ತಿಂಡಿ ಬಿಟ್ಟು, ಪರದೆಯ ಪಕ್ಕದಲ್ಲೇ ಸಾವಿರ ದಾಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಪಟ್ಟಿಯಲ್ಲಿ 10ರಿಂದ 12 ವರ್ಷದ ಹುಡುಗನಿಗೆ ಇಡೀ ದಿನಕ್ಕೆ 2,220. ಎರಡು ಪಾನೀಯಗಳಲ್ಲೇ 55 ಗ್ರಾಂ ಸಕ್ಕರೆ. ದಿನದ ಆ 2,220 ಕ್ಯಾಲೊರಿಯಲ್ಲಿ ಶೇ. 10ಕ್ಕಿಂತ ಕಡಿಮೆ ಬೆರೆಸಿದ ಸಕ್ಕರೆಯಿಂದ ಬರಲಿ ಅನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಅಲ್ಲಿಗೇ ಮುಗಿಯಿತು. ಮನೆಯಲ್ಲಿ ಕರಿದದ್ದು ಅಂದಮಾತ್ರಕ್ಕೆ ಕೋಡುಬಳೆಗೆ ರಿಯಾಯಿತಿ ಇಲ್ಲ, ಗ್ರಾಂ ಲೆಕ್ಕದಲ್ಲಿ ಅದು ಚಿಪ್ಸಿನ ತಮ್ಮ.

ಇನ್ನು ಖರ್ಚಿನ ಕಡೆ. ಈ ತೂಕದ ಹುಡುಗ ಸುಮ್ಮನೆ ಮಲಗಿದ್ದರೂ ತಾಸಿಗೆ 60 ಕ್ಯಾಲೊರಿ ಉರಿಯುತ್ತದೆ. ಕೂತು ಗೇಮ್ ಆಡಿದರೆ ಹೆಚ್ಚೆಂದರೆ 90. ಗಲ್ಲಿ ಕ್ರಿಕೆಟ್ಟಿನಲ್ಲಿ, ಬ್ಯಾಟಿಂಗ್ ಸರದಿಗೆ ಕಾಯುವುದನ್ನೂ ಸೇರಿಸಿ, 235ರ ಆಸುಪಾಸು. ಅಂದರೆ ಒಂದು ತಾಸು ಕ್ರಿಕೆಟ್ ಬಿಟ್ಟು ಗೇಮ್ ಹಿಡಿದರೆ ಉಳಿದುಬಿಡುವುದು 145. ಆ ಚಿಪ್ಸ್ ಪ್ಯಾಕೆಟ್ ಒಂದೇ ಎರಡು ತಾಸಿನ ಕ್ರಿಕೆಟ್ಟನ್ನು ನುಂಗಿಹಾಕುತ್ತದೆ. ಕೂತದ್ದು ತಪ್ಪಲ್ಲ ಅಂತಲ್ಲ. ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಆಟ ಬೇಕೇ ಬೇಕು, ಎಲುಬಿಗೂ ಎದೆಗೂ. ತೂಕದ ಮಟ್ಟಿಗೆ ಮಾತ್ರ ಕೈಗಿಂತ ಬಾಯಿಯ ಪಾಲು ದೊಡ್ಡದು.

ಮೊಬೈಲಿನ ಲೆಕ್ಕ ಅಪ್ಪನಿಗೆ ಆಶ್ಚರ್ಯ ತಂದಿತು. ಗೇಮ್ 2 ತಾಸು 50 ನಿಮಿಷ, ಯೂಟ್ಯೂಬ್ 3 ತಾಸು 10 ನಿಮಿಷ. ಆಡಿದ್ದಕ್ಕಿಂತ ಆಡುವುದನ್ನು ನೋಡಿದ್ದೇ ಜಾಸ್ತಿ. ಡಬ್ಬಿಯಿಂದ ಹೋದದ್ದರಲ್ಲಿ ಅರ್ಧಕ್ಕೂ ಮಿಕ್ಕಿ ಹೋದದ್ದು ನೋಡುವಾಗಲೇ, ಮೇಲಿನ ಅನ್ನ ಬೇರೆ.

ಅಧ್ಯಯನಗಳು ಹೇಳುವುದೂ ಒಂದೇ ಮಾತಲ್ಲ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 22 ಹದಿಹರೆಯದ ಹುಡುಗರನ್ನು ಒಂದು ದಿನ ಒಂದು ತಾಸು ಗೇಮ್ ಆಡಿಸಿ, ಇನ್ನೊಂದು ದಿನ ಸುಮ್ಮನೆ ಕೂರಿಸಿ, ಆಮೇಲೆ ಬೇಕಾದಷ್ಟು ಊಟ ಕೊಟ್ಟರು. ಗೇಮ್ ಆಡಿದ ದಿನ ಹಸಿವು ಹೆಚ್ಚಾಯಿತು ಅಂತ ಹುಡುಗರು ಹೇಳಲಿಲ್ಲ, ಆದರೂ ದಿನದ ಲೆಕ್ಕದಲ್ಲಿ 163 ಕ್ಯಾಲೊರಿ ಮಿಕ್ಕಿತು. 2019ರಲ್ಲಿ 38,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದವರಿಗೆ ಗೇಮಿಗೂ ತೂಕಕ್ಕೂ ದೊಡ್ಡವರಲ್ಲಿ ಎಳೆಯಷ್ಟು ಸಂಬಂಧ ಸಿಕ್ಕಿತು, ಮಕ್ಕಳಲ್ಲಿ ಸಿಗಲಿಲ್ಲ. ಹಾಗಂತ ಕೈತೊಳೆದುಕೊಳ್ಳುವಂತಿಲ್ಲ. 1999ರಲ್ಲಿ ವರದಿಯಾದ ಕ್ಯಾಲಿಫೋರ್ನಿಯಾದ ಪ್ರಯೋಗದಲ್ಲಿ ಮೂರು, ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಟಿವಿ, ವಿಡಿಯೊ, ಗೇಮ್ ಎಲ್ಲ ಸೇರಿ ವಾರಕ್ಕೆ ಏಳು ತಾಸಿನ ಬಜೆಟ್ ಕೊಟ್ಟರು. ಬಜೆಟ್ ಕೊಡದ ಇನ್ನೊಂದು ಶಾಲೆಗೆ ಹೋಲಿಸಿದರೆ ಬಿಎಂಐ ಏರಿಕೆ ಕಡಿಮೆಯಾಯಿತು. ಮಕ್ಕಳು ಹೆಚ್ಚು ಓಡಾಡಿದ್ದು ಕಾಣಲಿಲ್ಲ. ಟಿವಿ ಮುಂದೆ ಕೂತು ಉಣ್ಣುವುದು ಮಾತ್ರ ಕಡಿಮೆಯಾಗಿತ್ತು. ಈ ಮನೆಯ ಡಬ್ಬಿ ಹೇಳಿದ್ದೂ ಅದನ್ನೇ.

ಮೊದಲ ವಾರ ಅಪ್ಪ ಮಾಡಿದ್ದು ಎಲ್ಲ ಅಪ್ಪಂದಿರೂ ಮಾಡುವುದನ್ನು: ಮೊಬೈಲ್ ಕಸಿದು ಬೀರುವಿಗೆ ಬೀಗ. ಹುಡುಗ ಅಜ್ಜಿಯ ಪಕ್ಕ ಕೂತು ಧಾರಾವಾಹಿ ನೋಡಿದ. ಕೋಡುಬಳೆ ಡಬ್ಬಿ ಅಲ್ಲಿಯೂ ಇತ್ತು. ಒಂದೇ ಸಂಜೆ 80 ಗ್ರಾಂ.

ಎರಡನೇ ವಾರ ಕ್ರಮ ಬದಲಾಯಿತು. ಯಾವ ಪರದೆಯ ಮುಂದೆಯೂ ನೀರಿನ ಬಾಟಲಿ ಮಾತ್ರ. ತಿನ್ನಬೇಕೆನಿಸಿದರೆ ಬೇಡ ಅನ್ನುವುದಿಲ್ಲ, ಆದರೆ ಅಡುಗೆಮನೆಗೆ ಎದ್ದುಹೋಗಿ ತಟ್ಟೆಗೆ ಹಾಕಿಕೊಂಡು ಅಲ್ಲೇ ಕೂತು ತಿನ್ನಬೇಕು. ಡಬ್ಬಿ ಎತ್ತಿಕೊಂಡು ಬರುವಂತಿಲ್ಲ, ಅಪ್ಪನೂ ಸಹ. (ಅಪ್ಪನ ವಿಷಯದಲ್ಲೇ ನಿಯಮ ಮೂರು ಸಲ ಮುರಿಯಿತು.) ಮಿರ್ಚಿ, ಖಾರ ಮಂಡಕ್ಕಿ ಭಾನುವಾರ ಸಂಜೆಗೆ ಉಳಿದವು; ಮಂಡಕ್ಕಿ ಹಗುರ, ಭಾರ ಬರುವುದು ಪಕ್ಕದ ಮಿರ್ಚಿಯಿಂದ. ಕೋಲಾ, ಮಾವಿನ ಬಾಟಲಿ ಮನೆಗೆ ತರುವುದನ್ನೇ ನಿಲ್ಲಿಸಿ ಮಜ್ಜಿಗೆ ಇಟ್ಟರು.

ಆಟಕ್ಕೆ ನಿಮಿಷದ ಬದಲು ಮ್ಯಾಚಿನ ಲೆಕ್ಕ. ಮ್ಯಾಚಿನ ನಡುವೆ "ಇಡೋ ಸಾಕು" ಅಂದರೆ ಜಗಳ ಗ್ಯಾರಂಟಿ, ಯಾಕೆಂದರೆ ನಡುವೆ ಬಿಟ್ಟರೆ ತಂಡದ ಮೂವರು ಗೆಳೆಯರೂ ಬೈಯುತ್ತಾರೆ. "ಇನ್ನೊಂದು ಮ್ಯಾಚು, ಆಮೇಲೆ ಕೆಳಗೆ ಆಟಕ್ಕೆ" ಅಂತ ಮೊದಲೇ ಹೇಳಿದರೆ ಎದ್ದ. ಸರ್ಕಾರದ ತಡೆ ತೆರವಾಗಿ 2023ರಲ್ಲಿ ಮರಳಿ ಬಂದಾಗ ಬಿಜಿಎಂಐ 18ರೊಳಗಿನವರಿಗೆ ದಿನಕ್ಕೆ ಮೂರು ತಾಸಿನ ಮಿತಿ ಹಾಕಿಕೊಂಡಿತ್ತು. ಆದರೆ ಈ ಖಾತೆ ತೆರೆದದ್ದು ಅಪ್ಪನ ವಯಸ್ಸಿನಲ್ಲಿ, ಮಿತಿಗೆ ಇವನು ಹುಡುಗ ಅಂತ ಗೊತ್ತಾಗುವುದಾದರೂ ಹೇಗೆ?

ಕಷ್ಟವಾದದ್ದು ರಾತ್ರಿ. ಒಂಬತ್ತೂವರೆಗೆ ಎಲ್ಲರ ಮೊಬೈಲೂ ಹಾಲ್‌ನಲ್ಲಿ ಚಾರ್ಜಿಗೆ ಅಂದಾಗ "ಅಲಾರಂ ಬೇಕಲ್ಲ" ಅಂದ. ಒಂದು ಟೇಬಲ್ ಗಡಿಯಾರ ಬಂತು, ಆ ನೆಪ ಹೋಯಿತು. ಈ ವಯಸ್ಸಿಗೆ ಕನಿಷ್ಠ ಒಂಬತ್ತು ತಾಸು ನಿದ್ದೆ ಬೇಕು. 2013ರ ಒಂದು ಪ್ರಯೋಗದಲ್ಲಿ 8ರಿಂದ 11 ವರ್ಷದ ಮಕ್ಕಳು ಹೆಚ್ಚು ಮಲಗಿದ ವಾರದಲ್ಲಿ, ಕಡಿಮೆ ಮಲಗಿದ ವಾರಕ್ಕಿಂತ ದಿನಕ್ಕೆ 134 ಕ್ಯಾಲೊರಿ ಕಡಿಮೆ ತಿಂದರು, ಯಾರೂ ಡಯಟ್ ಹೇಳದೆಯೇ. ಇಲ್ಲಂತೂ ಬೇಗ ಮಲಗಿದರೆ ಹನ್ನೆರಡರ ಬಿಸ್ಕತ್ತು ತಾನಾಗಿಯೇ ತಪ್ಪುತ್ತದೆ.

ಎರಡು ವಾರದ ನಂತರದ ಭಾನುವಾರ ಮತ್ತೆ ತೂಗಿದಾಗ ಗೇಮ್ 2 ತಾಸು 30 ನಿಮಿಷ, ಹೆಚ್ಚೇನೂ ಇಳಿದಿರಲಿಲ್ಲ. ಯೂಟ್ಯೂಬ್ 50 ನಿಮಿಷ. ಮಧ್ಯಾಹ್ನದ ಅನ್ನ 300 ಗ್ರಾಂ. ಊಟ ತಿಂಡಿಯಾಚೆಗಿನ ಕುರುಕಲು ಸಾವಿರದ ಚಿಲ್ಲರೆಯಿಂದ 260ಕ್ಕೆ. ತೂಗುತ್ತಿದ್ದಾರೆ ಅಂತ ಹುಡುಗನಿಗೆ ಗೊತ್ತಿತ್ತು, ಹಾಗಾಗಿ ಇದರಲ್ಲಿ ಸ್ವಲ್ಪ ಕಳೆದೇ ನೋಡಬೇಕು.

ಮೂರು ತಿಂಗಳಿಗೆ ತೂಕ 43.4, ಎತ್ತರ 143.5. ಕಡಿಮೆಯಾಗಲಿಲ್ಲವಲ್ಲ ಅಂತ ಅಪ್ಪ ಬೇಸರಪಟ್ಟ. ಬೆಳೆಯುವ ಹುಡುಗನ ತೂಕ ಇಳಿಯಲೇಬೇಕಿಲ್ಲ, ಎತ್ತರ ಓಡುವಾಗ ತೂಕ ನಿಂತಲ್ಲೇ ನಿಂತರೆ ಸಾಕು. ಬಿಎಂಐ 21.3ರಿಂದ 21.1. ಕತ್ತಿನ ಕಪ್ಪು ಹಾಗೇ ಇದೆ, ಅದಕ್ಕೆ ಇನ್ನೂ ತಿಂಗಳುಗಳು ಬೇಕು. ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಡಾಕ್ಟರು ಬರೆದುಕೊಟ್ಟ ಚೀಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿದೆ, ಕೋಡುಬಳೆ ಡಬ್ಬಿ ಅಟ್ಟದ ಮೇಲೆ. ಅಲ್ಲಿಗೆ ಅಜ್ಜಿಯ ಕೈಯೂ ಎಟುಕುವುದಿಲ್ಲ, ಆ ಬಗ್ಗೆ ಅವರಿಗೆ ಇವತ್ತಿಗೂ ಸಿಟ್ಟು.