ಕೊಳಲು ಊದಿದರೆ ಶ್ವಾಸಕೋಶ ದೊಡ್ಡದಾಗುತ್ತಾ?

ಮಕ್ಕಳನ್ನು ಕೊಳಲು ಪಾಠಕ್ಕೆ ಕರೆತರುವವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಇದು: "ಸಾರ್, ಊದ್ತಾ ಊದ್ತಾ ಶ್ವಾಸಕೋಶ ದೊಡ್ಡದಾಗುತ್ತಂತೆ, ಹೌದಾ?"

ಇಲ್ಲ. ಬೆಳೆದ ಗಂಡಸಿನ ಶ್ವಾಸಕೋಶದಲ್ಲಿ ಸುಮಾರು 6 ಲೀಟರ್ ಗಾಳಿ ಹಿಡಿಯುತ್ತದೆ. ಎಷ್ಟು ಊದಿದರೂ ಅದು 8 ಆಗುವುದಿಲ್ಲ. ಆದರೆ ಸುಮ್ನೆ ಕೂತಾಗ ನಾವು ಒಂದು ಉಸಿರಿಗೆ ಎಳೆಯುವುದು ಬರೀ ಅರ್ಧ ಲೀಟರ್. ಉಳಿದ ಜಾಗವನ್ನು ಬಳಸಲು ಕೊಳಲು ಕಲಿಸುತ್ತದೆ. ಗಾಳಿ ತುಂಬಿದ ಎದೆ ತಾನಾಗಿ ಕುಸಿಯಲು ನೋಡುತ್ತದೆ. ಅದನ್ನು ತಡೆದು, ಗಾಳಿಯನ್ನು ಎಳೆ ಎಳೆಯಾಗಿ ಬಿಡಬೇಕು. ಬೆಳೆಯುವುದು ಈ ಹಿಡಿತ.

ಕಲಿಯಲು ಶುರು ಮಾಡಿದಾಗ ನನಗೆ ತಲೆ ಸುತ್ತುತ್ತಿತ್ತು. ಮೈಯಲ್ಲಿ ಶಕ್ತಿ ಸಾಲದು ಎಂದು ಅಮ್ಮ ಹಾಲು ಜಾಸ್ತಿ ಕೊಟ್ಟರು. ಕಾರಣ ಬೇರೆಯೇ ಇತ್ತು. ತೂತಿನ ಅಂಚಿಗೆ ಸರಿಯಾಗಿ ಬೀಳದ ಗಾಳಿಯೆಲ್ಲ ದಂಡ. ಸ್ವರ ಬರಲಿಲ್ಲವೆಂದು ಮತ್ತೆ ಮತ್ತೆ ಊದುತ್ತೇವೆ. ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಅತಿಯಾಗಿ ಹೊರಗೆ ಹೋಗಿ ತಲೆ ತಿರುಗುತ್ತದೆ. ಕೊಳಲು ಕೆಳಗಿಟ್ಟು ಐದು ನಿಮಿಷ ಕೂತರೆ ಸರಿಹೋಗುತ್ತದೆ.

ನಾಗಸ್ವರದ್ದು ಇದಕ್ಕೆ ಉಲ್ಟಾ. ಅದರ ಬಾಯಿಗಿಡುವ ಪೀಪಿಯ ಸಂದು ತೀರಾ ಕಿರಿದು. ಒತ್ತಡ ಜಾಸ್ತಿ ಬೇಕು, ಹೋಗುವ ಗಾಳಿ ಕಡಿಮೆ. ಎದೆ ಇನ್ನೂ ತುಂಬಿರುವಾಗಲೇ ಉಸಿರು ಕಟ್ಟಿದಂತಾಗುತ್ತದೆ, ಯಾಕೆಂದರೆ ಒಳಗೆ ಉಳಿದದ್ದು ಹಳೇ ಗಾಳಿ. ಮೊದಲು ಅದನ್ನು ಬಿಟ್ಟು, ಆಮೇಲೆ ಹೊಸದನ್ನು ಎಳೆಯಬೇಕು. ಮದುವೆ ಮನೆಯಲ್ಲಿ ಓಲಗದವರ ಕೆನ್ನೆ ಉಬ್ಬುವುದನ್ನು ನೋಡಿದ್ದೀರಿ ಅಲ್ವಾ? ಪಕ್ಕದಲ್ಲಿ ಶ್ರುತಿ ಹಿಡಿಯುವ ಒತ್ತಿನವರು ಕೆನ್ನೆಯಲ್ಲಿ ಕೂಡಿಟ್ಟ ಗಾಳಿಯನ್ನು ಒತ್ತಿ ಬಿಡುತ್ತಲೇ ಮೂಗಿನಿಂದ ಉಸಿರೆಳೆಯುತ್ತಾರೆ. ನಾದ ಎಲ್ಲೂ ಕಡಿಯುವುದಿಲ್ಲ. ಶ್ರುತಿಪೆಟ್ಟಿಗೆ ಬಂದ ಮೇಲೆ ಅಂಥವರು ಕಾಣಸಿಗುವುದು ಕಡಿಮೆಯಾಗಿದೆ. ನನಗೆ ಅದು ನಿಜಕ್ಕೂ ಸಂಕಟ.

ಉಬ್ಬಸ ಇರುವ ಮಗುವಿಗೆ ಕಲಿಸಬಹುದಾ? ವೈದ್ಯರನ್ನು ಕೇಳಿ, ಧಾರಾಳವಾಗಿ ಕಲಿಸಿ. ಆದರೆ ಕೊಳಲು ಔಷಧಿಯಲ್ಲ. ಇನ್‌ಹೇಲರ್ ನಿಲ್ಲಿಸಬೇಡಿ, ದಯವಿಟ್ಟು.

ಇನ್ನೊಂದು ಮಾತು, ಯಾರೂ ಕೇಳದಿದ್ದರೂ ಹೇಳುತ್ತೇನೆ. ಬ್ಯಾಗ್‌ಪೈಪ್ (ಚೀಲಕ್ಕೆ ಗಾಳಿ ಊದಿ ತುಂಬಿ ನುಡಿಸುವ ವಾದ್ಯ) ನುಡಿಸುತ್ತಿದ್ದ ಒಬ್ಬರು ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡ ಬಗ್ಗೆ ಇಂಗ್ಲೆಂಡಿನ ವೈದ್ಯರು 2016ರಲ್ಲಿ ಬರೆದಿದ್ದರು. ವಾದ್ಯದೊಳಗೆ ಬೂಷ್ಟು ಬೆಳೆದಿತ್ತು. ಅದಕ್ಕೂ ಮೊದಲು ವಾದ್ಯವನ್ನು ಮನೆಯಲ್ಲೇ ಬಿಟ್ಟು ಮೂರು ತಿಂಗಳು ಆಸ್ಟ್ರೇಲಿಯಾದಲ್ಲಿದ್ದಾಗ ಅವರು ಚೇತರಿಸಿಕೊಂಡಿದ್ದರಂತೆ. ನಮ್ಮ ಕೊಳಲಿಗೆ ಅಷ್ಟು ಮಡಿಕೆಗಳಿಲ್ಲ. ನುಡಿಸಿದ ಮೇಲೆ ಕಡ್ಡಿಗೆ ಒಣ ಬಟ್ಟೆ ಸುತ್ತಿ ಒಳಗೆ ಆಡಿಸಿ. ಹಸಿಯಾಗಿರುವಾಗಲೇ ಚೀಲಕ್ಕೆ ಹಾಕಬೇಡಿ.