ಊಟದ ಚಾರ್ಟ್ ಒಬ್ಬರಿಗೆ, ಅಡುಗೆ ಮನೆಮಂದಿಗೆಲ್ಲ

ನಾನು ಡಯಟಿಷಿಯನ್. ಅಮೆರಿಕದ ಒಕ್ಲಹೋಮಾ ರಾಜ್ಯದ ಈಶಾನ್ಯ ಭಾಗದಲ್ಲಿ, ಚೆರೋಕೀ ಅನ್ನುವ ಮೂಲನಿವಾಸಿ ಜನರ ಸ್ವಂತ ಸರ್ಕಾರವಾದ ಚೆರೋಕೀ ನೇಷನ್‌ನ ರಾಜಧಾನಿ ಟಾಲೆಕ್ವಾ ಸುತ್ತಮುತ್ತಲ ಹಳ್ಳಿಗಳಿಗೆ ಮನೆಭೇಟಿ ಹೋಗುವುದೇ ನನ್ನ ಕೆಲಸದ ದೊಡ್ಡ ಪಾಲು. ನಾನು ನೋಡುವವರಲ್ಲಿ ಹೆಚ್ಚಿನವರಿಗೆ ಟೈಪ್ 2 ಸಕ್ಕರೆ ಕಾಯಿಲೆ. ಓದುವಾಗ ಕಲಿತ ಕ್ರಮ ಸರಳ: ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ತಿಂದಿರಿ ಅಂತ ಕೇಳು, ಬರೆದುಕೋ, ಲೆಕ್ಕ ಹಾಕು, ಚಾರ್ಟ್ ಕೊಡು. ನಿಮ್ಮ ಮನೆಯಲ್ಲಿ ಯಾರ್ಯಾರು ಉಣ್ಣುತ್ತಾರೆ ಅನ್ನುವ ಪ್ರಶ್ನೆ ಆ ಕ್ರಮದಲ್ಲಿ ಇಲ್ಲ. ಅದನ್ನೇ ಮೊದಲು ಕೇಳಬೇಕು ಅಂತ ನನಗೆ ಕಲಿಸಿದವರು ಎಪ್ಪತ್ತು ದಾಟಿದ ಒಬ್ಬ ಚೆರೋಕೀ ಅಜ್ಜಿ. ಅವರ ಹೆಸರು, ಹಳ್ಳಿ ಬರೆಯುವುದಿಲ್ಲ. ಉಳಿದದ್ದು ಬರೆಯಲು ಅವರದೂ ಅವರ ಮಗಳದೂ ಒಪ್ಪಿಗೆ ಇದೆ.

ನಿನ್ನೆ ಏನು ತಿಂದಿರಿ ಅಂದರೆ ಅವರು ಹೇಳುತ್ತಿದ್ದದ್ದು ಯಾರು ಬಂದಿದ್ದರು ಅಂತ. ತಮ್ಮ ಬಂದಿದ್ದ, ಅವನಿಗೆ ಬೀನ್ಸ್ ಜೊತೆ ಜೋಳದ (ಇಲ್ಲಿ ಜೋಳ ಅಂದರೆ ಮೆಕ್ಕೆಜೋಳ) ರೊಟ್ಟಿ ಬೇಕು. ಮೊಮ್ಮಕ್ಕಳು ಸ್ಕೂಲ್ ಬಸ್ ಇಳಿದು ನೇರ ಇಲ್ಲಿಗೇ ಬಂದರು. ಚರ್ಚಿನಲ್ಲಿ ಒಬ್ಬರಿಗೆ ಹುಷಾರಿಲ್ಲ, ಅವರಿಗೂ ಒಂದು ಡಬ್ಬಿ ಹೋಯಿತು. ಅಷ್ಟೆಲ್ಲ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದದ್ದು ಅವರ ಊಟ. ಮೈದಾ ಕಡಿಮೆ ಮಾಡಿ, ತಟ್ಟೆಯ ಅರ್ಧ ತರಕಾರಿ ಇರಲಿ ಅಂತ ಇಂಥವರಿಗೆ ಚಾರ್ಟ್ ಕೊಟ್ಟರೆ ಅದು ಯಾರ ತಟ್ಟೆಗೆ?

ಆ ಮೇಜಿನ ಸುತ್ತ ಕೂರುವವರು ಯಾರು ಅಂತ ತಿಳಿಯಬೇಕಾದರೆ ಕುಲದ ಲೆಕ್ಕ ಗೊತ್ತಿರಬೇಕು. ಚೆರೋಕೀಗಳಲ್ಲಿ ಏಳು ಕುಲ: ತೋಳ, ಜಿಂಕೆ, ಹಕ್ಕಿ, ಬಣ್ಣ, ನೀಲಿ, ಉದ್ದಗೂದಲು, ಕಾಡುಗೆಣಸು. ಮಗು ಸೇರುವುದು ತಾಯಿಯ ಕುಲಕ್ಕೆ. ಹಿಂದೆ ಮನೆ, ಹೊಲ ಹೆಂಗಸರದು. ಮದುವೆಯಾದ ಗಂಡು ಹೆಂಡತಿಯ ಮನೆಗೆ ಬರುತ್ತಿದ್ದ. ಮಕ್ಕಳಿಗೆ ಬುದ್ಧಿ ಹೇಳುವ ಹೊಣೆ ತಾಯಿಯ ಅಣ್ಣತಮ್ಮಂದಿರದು. ಇವತ್ತು ತಮ್ಮ ಕುಲ ಯಾವುದೆಂದು ಗೊತ್ತಿಲ್ಲದ ಕುಟುಂಬಗಳೂ ಬಹಳ ಇವೆ. ಈ ಮನೆಯಲ್ಲಿ ಮಾತ್ರ ಆರು ವರ್ಷದ ಹುಡುಗನಿಗೂ ಗೊತ್ತು. ನಾನು ಉಡುಪಿ ಕಡೆಯವಳು, ನಮ್ಮದು ಅಳಿಯಸಂತಾನ ಕಟ್ಟು, ಬಳಿ, ಅಂದರೆ ಕುಲ, ಬರುವುದು ಅಮ್ಮನಿಂದ. ಹಾಗಾಗಿ ಅಜ್ಜಿಯ ತಮ್ಮ ವಾರದಲ್ಲಿ ಮೂರ್ನಾಲ್ಕು ದಿನ ಅಲ್ಲೇ ಊಟಕ್ಕೆ ಕೂರುವುದು, ಅಕ್ಕನ ಮೊಮ್ಮಕ್ಕಳ ಮೇಲೆ ಅಷ್ಟು ಸಲಿಗೆಯಿಂದ ರೇಗುವುದು ನನಗೆ ವಿಚಿತ್ರ ಅನಿಸಲಿಲ್ಲ. ನಾನು ತುಂಬುವ ಫಾರ್ಮಿನ ಪ್ರಕಾರ ಆ ಮನೆಯಲ್ಲಿ ಇಬ್ಬರು. ಅಜ್ಜಿಯ ಪ್ರಕಾರ ಹದಿನಾಲ್ಕು ಜನ. ನನ್ನ ಕೆಲಸಕ್ಕೆ ಬೇಕಾದ ಲೆಕ್ಕ ಅಜ್ಜಿಯದು.

ಈ ಜನರ ಊಟ ಕೆಟ್ಟದ್ದು ಅವರ ನಾಲಿಗೆ ಚಪಲದಿಂದಲ್ಲ. ಇದನ್ನು ಹೊಸದಾಗಿ ಇಲ್ಲಿಗೆ ಬರುವ ಸಹೋದ್ಯೋಗಿಗಳಿಗೆ ನಾನು ಒತ್ತಿ ಹೇಳುತ್ತೇನೆ. 1838-39ರಲ್ಲಿ ಸುಮಾರು 16,000 ಚೆರೋಕೀಗಳನ್ನು ಅಮೆರಿಕ ಸರ್ಕಾರ ದೇಶದ ಆಗ್ನೇಯ ಭಾಗದ ಬೆಟ್ಟಗಳಿಂದ ಎಬ್ಬಿಸಿ ಇಲ್ಲಿಗೆ ಅಟ್ಟಿತು. ಸತ್ತವರು ಸುಮಾರು 4,000 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇಲ್ಲಿ ಮತ್ತೆ ಹೊಲ ಮಾಡಿಕೊಂಡು ನೆಲೆ ನಿಂತ ಮೇಲೆ, ಎಲ್ಲರದೂ ಆಗಿದ್ದ ಭೂಮಿಯನ್ನು ಸರ್ಕಾರ ತುಂಡು ಮಾಡಿ ಹಂಚಿತು. 1907ರಲ್ಲಿ ಒಕ್ಲಹೋಮಾ ರಾಜ್ಯವಾಗುವ ಹೊತ್ತಿಗೂ ಆಮೇಲೂ ಅದರಲ್ಲಿ ಬಹಳಷ್ಟು ಕೈತಪ್ಪಿ ಹೋಯಿತು. ಹೊಲ ಹೋದಮೇಲೆ ಬಂದದ್ದು ಸರ್ಕಾರ ಹಂಚುವ ಮೈದಾ, ಹಂದಿಕೊಬ್ಬು, ಡಬ್ಬಿ ತಿಂಡಿ. ಮೈದಾ ಕರಿದ ರೊಟ್ಟಿಯನ್ನು 'ನಿಮ್ಮ ಸಂಪ್ರದಾಯದ ಊಟ' ಅಂತ ಯಾರೋ ಹೇಳಿದಾಗ ಅಜ್ಜಿ ಸಿಟ್ಟಾಗಿದ್ದರು. "ನಮ್ಮದು ಜೋಳ" ಅಂದರು. ಚೆರೋಕೀ ಕಥೆಯಲ್ಲಿ ಸೆಲು ಅನ್ನುವ ತಾಯಿಯ ಮೈಯಿಂದಲೇ ಜೋಳ ಹುಟ್ಟಿದ್ದು.

ಆ ಜೋಳ ಅವರ ಹಿತ್ತಲಲ್ಲಿದೆ. ಚೆರೋಕೀ ನೇಷನ್ 2006ರಿಂದ ಒಂದು ಬೀಜ ಬ್ಯಾಂಕ್ ನಡೆಸುತ್ತಿದೆ. ಹಳೆಯ ತಳಿಯ ಜೋಳ, ಹುರುಳಿಕಾಯಿ, ಕುಂಬಳ, ಸೋರೆ ಬೀಜಗಳನ್ನು ತನ್ನ ಜನರಿಗೆ ಪುಕ್ಕಟೆ ಕೊಡುತ್ತದೆ. 2020ರಲ್ಲಿ ಒಂಬತ್ತು ತಳಿಗಳು ನಾರ್ವೆಯ ಸ್ವಾಲ್‌ಬಾರ್ಡ್ ಬೀಜ ಭಂಡಾರಕ್ಕೂ ಹೋದವು. ನನ್ನ ಚಾರ್ಟಿನಲ್ಲಿ 'ತರಕಾರಿ ಹೆಚ್ಚಿಸಿ' ಅಂತ ಬರೆಯುವ ಬದಲು ಆ ಬೀಜಕ್ಕೆ ಅರ್ಜಿ ಹಾಕಿಸುವುದು, ಮೊಮ್ಮಕ್ಕಳ ಕೈಯಲ್ಲಿ ಪಾತಿ ಮಾಡಿಸುವುದು ಹೆಚ್ಚು ಕೆಲಸಕ್ಕೆ ಬಂತು. ಹಿತ್ತಲಿನ ಹುರುಳಿಕಾಯಿ ಇಡೀ ಮೇಜಿಗೆ ಬರುತ್ತದೆ. ಮೇಜಿಗೆ ಬಂದದ್ದು ಅಜ್ಜಿಗೂ ಸಿಗುತ್ತದೆ.

ಎಲ್ಲವನ್ನೂ ಬದಲಿಸಲು ಹೋಗಲೂಬಾರದು. ಚಳಿಗಾಲ ಮುಗಿಯುವಾಗ ಹಳ್ಳದ ಬದಿಯಲ್ಲಿ ಕಾಡು ಈರುಳ್ಳಿ ಚಿಗುರುತ್ತದೆ. ಅದನ್ನು ಕಿತ್ತು, ಮಣ್ಣು ಹೋಗುವವರೆಗೆ ತೊಳೆದು, ಹೆಚ್ಚಿ, ಬೇಕನ್ ಕೊಬ್ಬಿನಲ್ಲಿ ಬಾಡಿಸಿ ಮೊಟ್ಟೆ ಒಡೆದು ಹಾಕುತ್ತಾರೆ. ಊರೆಲ್ಲ ಸೇರುವ ಊಟ ಅದು. ಆ ಕೊಬ್ಬಿನ ಬಗ್ಗೆ ನಾನು ಬಾಯಿ ತೆರೆಯುವುದಿಲ್ಲ. ದಿನಾ ಮಕ್ಕಳು ಕುಡಿಯುವ ಸೋಡಾದ ಬಗ್ಗೆ ಮಾತಾಡುತ್ತೇನೆ. ನಿಮ್ಮ ಸಕ್ಕರೆ ಏರುತ್ತಿದೆ ಅಂದಾಗ ತಲೆಯಾಡಿಸಿ ಸುಮ್ಮನಾಗುತ್ತಿದ್ದ ಅಜ್ಜಿ, ಮೊಮ್ಮಗಳಿಗೂ ಈ ಕಾಯಿಲೆ ಬರುವ ಸಂಭವ ಜಾಸ್ತಿ ಅಂದ ವಾರವೇ ಫ್ರಿಜ್ಜಿನಿಂದ ಸೋಡಾ ತೆಗೆಸಿದರು.

ಔಷಧದ ಹೊತ್ತು ಹೊಂದಿಸುವಾಗಲೂ ಇದೇ ಮಾತು. ಅಜ್ಜಿ ಸ್ಟಾಂಪ್ ಡಾನ್ಸ್ ಅನ್ನುವ ಆರಾಧನೆಯ ಕುಣಿತಕ್ಕೆ ಹೋಗುತ್ತಾರೆ. ಬೆಂಕಿಯ ಸುತ್ತ ಗಂಡಸರು ಹಾಡುತ್ತಾರೆ. ತಾಳ ಹೆಂಗಸರದು, ಕಾಲಿಗೆ ಕಟ್ಟಿದ ಆಮೆಚಿಪ್ಪುಗಳಿಂದ. ಚಿಪ್ಪಿನೊಳಗೆ ಸಣ್ಣ ಕಲ್ಲು ತುಂಬಿ, ಹಲವನ್ನು ಒಟ್ಟಿಗೆ ಬೂಟಿನ ಚರ್ಮಕ್ಕೆ ಹೊಲಿದಿರುತ್ತಾರೆ. ಒಂದು ಜೊತೆ ಎತ್ತಿ ನೋಡಿದೆ, ಒಳ್ಳೆ ಭಾರ. ಅದನ್ನು ಕಟ್ಟಿಕೊಂಡು ರಾತ್ರಿಯಿಂದ ಬೆಳಗಿನವರೆಗೆ ಹೆಜ್ಜೆ ಹಾಕುವುದು. ಅಲ್ಲಿ ನಡೆಯುವ ಉಳಿದದ್ದನ್ನು ನಾನು ಬರೆಯುವುದಿಲ್ಲ, ಅದು ಅವರದು. ನನಗೆ ಸಂಬಂಧಿಸಿದ್ದು ಇನ್ಸುಲಿನ್ ತೆಗೆದುಕೊಂಡು ರಾತ್ರಿಯಿಡೀ ಕುಣಿದರೆ ಸಕ್ಕರೆ ಕುಸಿಯುತ್ತದೆ ಅನ್ನುವುದು, ಮತ್ತು ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಡಿಮೆಯಾದ ಕಾಲಿನಲ್ಲಿ ಚರ್ಮ ಉಜ್ಜಿ ಗಾಯವಾದರೂ ಗೊತ್ತಾಗುವುದಿಲ್ಲ ಅನ್ನುವುದು. ಡಾಕ್ಟರ ಜೊತೆ ಮಾತಾಡಿ ಆ ರಾತ್ರಿಗಳಿಗೆ ಬೇರೆ ಡೋಸ್ ಬರೆಸಿದೆವು. ಚಿಪ್ಪಿನ ಒಳಬದಿಗೆ ಮೆತ್ತಗೆ ಟವೆಲ್ ಸುತ್ತಿಸಿದೆವು, ಬೆಳಿಗ್ಗೆ ಕಾಲು ನೋಡುವ ಕೆಲಸ ಮಗಳಿಗೆ ಒಪ್ಪಿಸಿದೆವು. ಕುಣಿಯಬೇಡಿ ಅಂದಿದ್ದರೆ ಅವರು ಕುಣಿಯುತ್ತಿದ್ದರು, ನಮಗೆ ಹೇಳುತ್ತಿರಲಿಲ್ಲ.

ಅಜ್ಜಿಯ ಮನೆಮಾತು ಚೆರೋಕೀ. ಹುಟ್ಟಿನಿಂದ ಆ ಭಾಷೆ ಆಡುವವರು ಈಗ ಉಳಿದಿರುವುದು ಸುಮಾರು ಎರಡು ಸಾವಿರ ಅಥವಾ ಅದಕ್ಕೂ ಕಡಿಮೆ, ಹೆಚ್ಚಿನವರು ವಯಸ್ಸಾದವರು. ಕೋವಿಡ್ ಲಸಿಕೆ ಬಂದಾಗ, 2020ರ ಡಿಸೆಂಬರ್‌ನಲ್ಲಿ, ಚೆರೋಕೀ ನೇಷನ್ ಆರೋಗ್ಯ ಸಿಬ್ಬಂದಿಯ ಜೊತೆಗೆ ಭಾಷೆ ಬಲ್ಲ ಹಿರಿಯರನ್ನೂ ಮೊದಲ ಸಾಲಿನಲ್ಲಿ ನಿಲ್ಲಿಸಿತು. ಆರೋಗ್ಯ ಕ್ಷೇತ್ರದಲ್ಲಿ ನಾನು ಕಂಡ ಅತ್ಯಂತ ವಿವೇಕದ ತೀರ್ಮಾನ ಅದು. ಒಬ್ಬರ ಜೀವಕ್ಕೆ ಎಷ್ಟು ಜನ ಆತುಕೊಂಡಿದ್ದಾರೆ ಅಂತ ನೋಡಿ ಸರದಿ ಮಾಡಿದರು.

ಕಳೆದ ಚಳಿಗಾಲದಲ್ಲಿ ಹೋದಾಗ ಕನುಚಿ ಅನ್ನುವ ಸಾರಿಗೆ ತಯಾರಿ ನಡೆದಿತ್ತು. ಹಿಕರಿ ಮರದ ಗಟ್ಟಿ ಚಿಪ್ಪಿನ ಕಾಯಿಗಳನ್ನು ಒಡೆದು, ಮರದ ದಿಮ್ಮಿ ಕೊರೆದು ಮಾಡಿದ ಒರಳಿಗೆ ಹಾಕಿ, ಉದ್ದನೆ ಒನಕೆಯಿಂದ ಎಣ್ಣೆ ಬಿಡುವವರೆಗೆ ಕುಟ್ಟುತ್ತಾರೆ. ಆಮೇಲೆ ಉಂಡೆ ಕಟ್ಟಿಡುತ್ತಾರೆ. ಬೇಕಾದಾಗ ಬಿಸಿನೀರಿನಲ್ಲಿ ಕದಡಿ, ಚಿಪ್ಪಿನ ಚೂರು ಸೋಸಿ, ಬೇಯಿಸಿದ ಜೋಳ ಅಥವಾ ಅನ್ನ ಸೇರಿಸಿ ಕುಡಿಯುವುದು. ಕುಟ್ಟುತ್ತಿದ್ದವಳು ಹೈಸ್ಕೂಲಿಗೆ ಹೋಗುವ ಮೊಮ್ಮಗಳು. ಇದರ ಕಾರ್ಬ್ (ಕಾರ್ಬೋಹೈಡ್ರೇಟ್, ಮೈಯಲ್ಲಿ ಸಕ್ಕರೆಯಾಗುವ ಅಂಶ) ಎಷ್ಟು, ಡಬ್ಬಿಯ ಹಾಗೆ ಇದಕ್ಕೆ ಲೇಬಲ್ ಇಲ್ಲವಲ್ಲ ಅಂತ ನನ್ನನ್ನು ಕೇಳಿದಳು. ಇಬ್ಬರೂ ಅಡುಗೆ ತಕ್ಕಡಿ ಇಟ್ಟುಕೊಂಡು ಕೂತೆವು. ಉಂಡೆಯಲ್ಲಿರುವುದು ಹೆಚ್ಚಾಗಿ ಕೊಬ್ಬು, ಕಾರ್ಬ್ ತೀರಾ ಕಡಿಮೆ. ಅಳೆಯಬೇಕಾದ್ದು ಜೋಳವನ್ನು, ಮೇಲೆ ಹಾಕುವ ಸಕ್ಕರೆಯನ್ನು. ಅವಳು ಬಟ್ಟಲಿನ ಲೆಕ್ಕ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಅಜ್ಜಿ ಓದಿ ನೋಡಿ, ಜೋಳದ ಅಳತೆಗೆ ಒಪ್ಪಿದರು. ಸಕ್ಕರೆ ಅರ್ಧಕ್ಕೆ ಇಳಿದಿದೆ. ಪೂರ್ತಿ ಬಿಡಲು ಅಜ್ಜಿಯ ತಮ್ಮ ಇನ್ನೂ ಒಪ್ಪಿಲ್ಲ, ಮುಂದಿನ ಭೇಟಿಯನ್ನು ಅವರು ಇರುವ ದಿನಕ್ಕೇ ಇಟ್ಟುಕೊಂಡಿದ್ದೇನೆ.