‘ಅಲ್ಲಿ’ ಕಡಿತ ಅಂತ ಬಾಯಿಬಿಡೋಕೆ ನನಗೆ ಒಂದೂವರೆ ವರ್ಷ ಬೇಕಾಯಿತು

ಹೋದ ವರ್ಷ ಕೊನೆ ಕೊಯ್ಲಿನ ಸಮಯ. ರಾತ್ರಿ ಹತ್ತು ಗಂಟೆ ದಾಟಿತ್ತು. ಅಂಗಳದ ಚಪ್ಪರದ ಕೆಳಗೆ ಏಳೆಂಟು ಜನ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದೆವು. ಊರಿನ ಸುದ್ದಿಯೆಲ್ಲ ಹೊರಗೆ ಬರೋದು ಆಗಲೇ, ಯಾರ ಮನೆಯ ಎಮ್ಮೆ ಕರು ಹಾಕಿತು ಅನ್ನೋದರಿಂದ ಹಿಡಿದು ಯಾರ ಸೊಸೆ ತವರಿಗೆ ಹೋದವಳು ಇನ್ನೂ ಬಂದಿಲ್ಲ ಅನ್ನೋವರೆಗೆ. ನಾನು ಮಾತ್ರ ಅವತ್ತು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಕೂತಿದ್ದೆ ಅನ್ನೋದೂ ಸುಳ್ಳು. ನೀರು ಕುಡಿಯೋ ನೆಪ, ಅಡಿಕೆ ಬೇಯಿಸುವ ಹಂಡೆಯ ಬೆಂಕಿ ನೋಡುವ ನೆಪ, ನಾಯಿ ಬೊಗಳಿತು ಅನ್ನೋ ನೆಪ ಹೇಳಿ ಹತ್ತು ನಿಮಿಷಕ್ಕೊಮ್ಮೆ ಎದ್ದು, ಬಚ್ಚಲುಮನೆ ಬಾಗಿಲು ಹಾಕಿಕೊಂಡು, ತುರಿಸಿಕೊಂಡು ಬರುತ್ತಿದ್ದೆ.

ಎಲ್ಲಿ ಅಂತ ಕೇಳಿದರೆ, ಅಲ್ಲಿ.

ನಮ್ಮ ಕಡೆ ಹೆಂಗಸರ ಬಾಯಲ್ಲಿ ಆ ಜಾಗಕ್ಕೆ ಇರೋ ಹೆಸರು ಇಷ್ಟೇ ಅಲ್ವಾ? ಅಲ್ಲಿ. ಕೆಳಗೆ. ಆ ಜಾಗ. ಬೈಗುಳದಲ್ಲಿ ಇನ್ನೊಂದು ಹೆಸರಿದೆ, ಅದನ್ನು ಕೆಲವು ಗಂಡಸರು ದಿನಕ್ಕೆ ನಾಲ್ಕು ಸಲ ಯಾವ ನಾಚಿಕೆಯೂ ಇಲ್ಲದೆ ಹೇಳುತ್ತಾರೆ. ಪುಸ್ತಕದಲ್ಲಿ ಯೋನಿ ಅಂತ ಇದೆ. ಐವತ್ತೊಂದು ವರ್ಷದಲ್ಲಿ ಅದನ್ನು ನಾನು ಜೋರಾಗಿ ಹೇಳಿದ್ದು ಒಂದೇ ಸಲ. ಅದನ್ನು ಮುಂದೆ ಹೇಳುತ್ತೇನೆ.

ನನಗೆ ಮುಟ್ಟು ನಿಂತು ಆಗ ಎರಡು ವರ್ಷದ ಹತ್ತಿರ ಆಗಿತ್ತು. ಹನ್ನೆರಡು ತಿಂಗಳು ಪೂರ್ತಿ ಮುಟ್ಟಾಗದಿದ್ದರೆ ನಿಂತಿತು ಅಂತ ಲೆಕ್ಕ. ನನಗಂತೂ ಖುಷಿಯೇ ಆಗಿತ್ತು. ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರೋದು, ರಾತ್ರಿ ಎರಡು ಗಂಟೆಗೆ ಎಚ್ಚರ ಆಗೋದು, ಇವನ್ನೆಲ್ಲ ಕೇಳಿ ಗೊತ್ತಿತ್ತು, ಬಂತು, ಹೇಗೋ ಕಳೆಯಿತು. ಈ ಕಡಿತದ ಬಗ್ಗೆ ಮಾತ್ರ ಅಮ್ಮ, ಅತ್ತೆ, ಅಕ್ಕ ಯಾರೂ ಒಂದು ಮಾತು ಹೇಳಿರಲಿಲ್ಲ.

ಶುರುವಾಗಿದ್ದು ಮಳೆಗಾಲದಲ್ಲಿ. ಹಾಗಾಗಿ ಮಳೆಯ ಮೇಲೆ ಹಾಕಿದೆ. ಮಲೆನಾಡಿನ ಆಷಾಢ ಗೊತ್ತಲ್ಲ, ವಾರ ಆದರೂ ಬಟ್ಟೆ ಒಣಗೋದಿಲ್ಲ, ಬಚ್ಚಲು ಒಲೆಯ ಮೇಲೆ ಹಗ್ಗ ಕಟ್ಟಿ ಹೊಗೆಯಲ್ಲೇ ಒಣಗಿಸಬೇಕು. ಅದರಲ್ಲೂ ಒಳಬಟ್ಟೆಯನ್ನು ಟವೆಲ್ ಕೆಳಗೆ ಬಚ್ಚಿಟ್ಟು ಒಣಗಿಸುವ ಜಾತಿ ನಾವು. ಬೇಸಿಗೆಯಲ್ಲೂ ಅದು ಬಿಸಿಲು ಕಾಣೋದಿಲ್ಲ, ಇನ್ನು ಜುಲೈನಲ್ಲಿ ಎಲ್ಲಿಂದ? ಹಸಿ ಬಟ್ಟೆ ಹಾಕಿಕೊಂಡು ಫಂಗಸ್ ಆಗಿದೆ ಅಂತ ನಾನೇ ತೀರ್ಮಾನ ಮಾಡಿದೆ. ತಪ್ಪು ಊಹೆ ಅಂತ ಹೇಳೋಕಾಗಲ್ಲ, ಮಳೆಗಾಲದಲ್ಲಿ ತೊಡೆಸಂದಿಗೆ ಹುಳುಕಡ್ಡಿ ಆಗೋದು ನಮ್ಮಲ್ಲಿ ಮಾಮೂಲು. ಆದರೆ ಮಳೆ ಹೋಯಿತು, ದೀಪಾವಳಿ ಬಂತು, ಕಡಿತ ಹೋಗಲಿಲ್ಲ.

ಆಮೇಲೆ ತೊಳೆಯೋಕೆ ಶುರು ಮಾಡಿದೆ. ನನ್ನ ದೊಡ್ಡ ತಪ್ಪು ಇದೇ, ಅದಕ್ಕೇ ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ. ಕಡಿತ ಅಂದರೆ ಕೊಳೆ ಅನ್ನೋದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಮುಟ್ಟಾದಾಗ ಹೊರಗೆ ಕೂತು ಬೆಳೆದವರು ನಾವು, ಆ ಜಾಗ ಅಂದರೆ ಗಲೀಜು ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗೇ ಇಲ್ಲ. ಬೆಳಿಗ್ಗೆ ಒಂದು ಸಲ ಸೋಪು, ಮಧ್ಯಾಹ್ನ ಒಂದು ಸಲ, ರಾತ್ರಿ ಬೇವಿನ ಸೊಪ್ಪು ಹಾಕಿ ಕುದಿಸಿದ ಬಿಸಿನೀರು, ಅದಕ್ಕೊಂದು ಚಿಟಿಕೆ ಉಪ್ಪು. ಅದೂ ಸಾಲದೆ ಗಾಯಕ್ಕೆ ಹಾಕುವ ಆ್ಯಂಟಿಸೆಪ್ಟಿಕ್ ನೀರನ್ನು ಎರಡು ಮುಚ್ಚಳ ಬೆರೆಸಿ ತೊಳೆದೆ. ತೊಳೆದ ಐದು ನಿಮಿಷ ಹಾಯ್ ಅನ್ನಿಸುತ್ತಿತ್ತು, ಆಮೇಲೆ ಉರಿ, ಆಮೇಲೆ ಮೊದಲಿಗಿಂತ ಜಾಸ್ತಿ ಕಡಿತ. ಹಾಗಾದರೆ ಇನ್ನೂ ಕ್ಲೀನ್ ಆಗಿಲ್ಲ ಅಂತ ಮತ್ತೆ ತೊಳೆಯೋದು. ತಿಂಗಳುಗಟ್ಟಲೆ ಇದೇ.

ನಡುವೆ ಮೆಡಿಕಲ್ ಶಾಪಿಂದ ಒಂದು ಟ್ಯೂಬ್ ತಂದೆ. ಎಲ್ಲಿಗೆ ಹಚ್ಚೋದು ಅಂತ ಹುಡುಗ ಕೇಳಿದ. ತೊಡೆಗೆ ಅಂದೆ. ಹಚ್ಚಿದ ಎರಡನೇ ದಿನಕ್ಕೆ ಕಡಿತ ಮಾಯ! ದೇವರೇ ಕೊಟ್ಟ ಹಾಗಾಯಿತು. ಮೂರು ವಾರ ಹಚ್ಚಿದೆ, ನಿಲ್ಲಿಸಿದೆ, ವಾಪಸ್ ಬಂತು, ಈ ಸಲ ಚರ್ಮವೆಲ್ಲ ಕೆಂಪಾಗಿ ನೀರು ತಾಗಿದರೂ ಚುರುಕ್ ಅನ್ನುವಂತೆ. ಆ ಥರದ ಟ್ಯೂಬುಗಳಲ್ಲಿ ಮೂರು ಔಷಧಿ ಬೆರೆಸಿರುತ್ತಾರೆ, ಅದರಲ್ಲೊಂದು ಜೋರು ಸ್ಟೀರಾಯ್ಡ್ ಅಂತ ಆಮೇಲೆ ತಿಳಿಯಿತು. ಸ್ಟೀರಾಯ್ಡ್ ಕಡಿತವನ್ನು ಅದುಮಿ ಇಡುತ್ತದೆ, ಸುಮ್ನೆ ತಿಂಗಳುಗಟ್ಟಲೆ ಹಚ್ಚುತ್ತಾ ಹೋದರೆ ಚರ್ಮ ಇನ್ನಷ್ಟು ತೆಳುವಾಗುತ್ತದೆ. ಫಂಗಸ್ ಇದ್ದರೆ ಒಳಗೊಳಗೇ ಹರಡುತ್ತದೆ.

ತಾಲ್ಲೂಕಿನಲ್ಲಿ ಒಬ್ಬ ಡಾಕ್ಟರ ಹತ್ತಿರ ಹೋದೆ. ‘ಸ್ವಲ್ಪ ಕೆಳಗೆ ಇನ್ಫೆಕ್ಷನ್’ ಅಂದೆ. ಅವರು ನೋಡಲಿಲ್ಲ, ನಾನು ತೋರಿಸಲಿಲ್ಲ, ಇಬ್ಬರಿಗೂ ಸಮಾಧಾನ. ಫಂಗಸ್ ಮಾತ್ರೆ ಬರೆದರು. ಇನ್ನೊಂದು ಸಲ ಹೋದೆ, ಅದೇ ಮಾತ್ರೆ. ಅತ್ತಿಗೆ ಹತ್ತಿರ ಅರ್ಧಂಬರ್ಧ ಹೇಳಿಕೊಂಡಾಗ ‘ಉಷ್ಣ ಆಗಿದೆ ಮಾರಾಯ್ತಿ’ ಅಂದಳು. ಒಂದೆಲಗದ ತಂಬುಳಿ, ಮುರುಗಲ ಹಣ್ಣಿನ ಪಾನಕ, ನೆನೆಸಿದ ಮೆಂತ್ಯ. ಎಲ್ಲವೂ ನಾಲಿಗೆಗೆ ಚೆನ್ನಾಗಿತ್ತು.

ಕೊನೆಗೆ ಹೋಗಿದ್ದು ಶಿವಮೊಗ್ಗಕ್ಕೆ, ದುರ್ಗಿಗುಡಿಯಲ್ಲಿ ಒಬ್ಬ ಹೆಣ್ಣು ಡಾಕ್ಟರ ಹತ್ತಿರ. ರಿಪ್ಪನ್‌ಪೇಟೆಯಲ್ಲಿ ಬಸ್ಸು ಹತ್ತಿದಾಗಿನಿಂದ ಆಯನೂರು ದಾಟೋವರೆಗೆ ಹೇಗೆ ಹೇಳೋದು ಅಂತ ಮನಸ್ಸಲ್ಲೇ ಅಭ್ಯಾಸ ಮಾಡಿದೆ. ಒಳಗೆ ಹೋದಾಗ ಅದೆಲ್ಲ ಮರೆತು ‘ಅಲ್ಲಿ ಕಡಿತ’ ಅಂದೆ. ಅವರು ಪೆನ್ ಕೆಳಗಿಟ್ಟು, ‘ಅಲ್ಲಿ ಅಂದ್ರೆ? ಮೂತ್ರ ಹೋಗೋ ಜಾಗದಲ್ಲಾ, ಯೋನಿಯ ಒಳಗಾ, ಹೊರಗಿನ ಚರ್ಮದಲ್ಲಾ, ಹಿಂದುಗಡೆನಾ?’ ಅಂತ ಕೇಳಿದರು. ಹೊಳೆಗೆ ಹಾರುವ ಹಾಗೆ ಕಣ್ಣು ಮುಚ್ಚಿಕೊಂಡು ಹೇಳಿದೆ, ‘ಯೋನಿಯ ಬಾಯಲ್ಲಿ, ಹೊರಗಿನ ಚರ್ಮದಲ್ಲಿ, ರಾತ್ರಿ ಜಾಸ್ತಿ.’ ಅವರು ಏನೂ ಆಗದವರ ಹಾಗೆ ಬರೆದುಕೊಂಡರು! ಆಮೇಲೆ ಪರದೆ ಹಿಂದೆ ಮಲಗಿಸಿ ದೀಪ ಹಾಕಿ ನೋಡಿದರು. ಎರಡು ನಿಮಿಷದ ಕೆಲಸ.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಈಸ್ಟ್ರೋಜೆನ್ ಅನ್ನುವ ಹಾರ್ಮೋನು ಆ ಜಾಗದ ಚರ್ಮವನ್ನು ದಪ್ಪವಾಗಿ, ಪಸೆಯಾಗಿ ಇಟ್ಟಿರುತ್ತದೆ. ಯೋನಿಯ ಒಳಪದರದಲ್ಲಿ ಒಂದು ಥರದ ಸಕ್ಕರೆ ಅಂಶವೂ ಇರುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾ, ಅಂದರೆ ಮೊಸರು ಹೆಪ್ಪಾಗಿಸುವವುಗಳ ನೆಂಟರು, ಅದರಿಂದಲೇ ಬದುಕಿ ಒಳಗೆ ಹುಳಿ ಮಾಡುತ್ತವೆ. ಆ ಹುಳಿಯೇ ಕಾವಲು. ಮುಟ್ಟಾಗುವ ವಯಸ್ಸಿನಲ್ಲಿ ಅಲ್ಲಿಯ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಜಾಸ್ತಿ) 3.8ರಿಂದ 4.5ರ ಸುಮಾರು, ಹೆಚ್ಚು ಕಡಿಮೆ ಮೊಸರಿನಷ್ಟು ಹುಳಿ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿಯುತ್ತದೆ, ಪದರ ತೆಳುವಾಗುತ್ತದೆ, ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ, ಪಿಎಚ್ 5 ದಾಟುತ್ತದೆ. ಒಣಗಿದ ತೆಳು ಚರ್ಮಕ್ಕೆ ಬಟ್ಟೆ ಉಜ್ಜಿದರೂ ಕಡಿತ, ಉಚ್ಚೆ ತಾಗಿದರೂ ಉರಿ. ಅಂಥ ಜಾಗಕ್ಕೆ ನಾನು ದಿನಕ್ಕೆ ಎರಡು ಸಲ ಸೋಪು ಹಾಕುತ್ತಿದ್ದೆ. ಸ್ನಾನದ ಸೋಪಿನ ಪಿಎಚ್ 9, 10 ಇರುತ್ತದೆ.

ಫಂಗಸ್ ಮಾತ್ರೆ ಯಾಕೆ ಕೆಲಸ ಮಾಡಲಿಲ್ಲ ಅಂದರೆ ಅಲ್ಲಿ ಫಂಗಸ್ಸೇ ಇರಲಿಲ್ಲ. ಮುಟ್ಟು ನಿಂತವರಲ್ಲಿ ಆ ಮೊಸರಿನಂಥ ಬಿಳಿ ಹೋಗುವ ಫಂಗಸ್ ಕಡಿಮೆಯಂತೆ, ಸಕ್ಕರೆ ಕಾಯಿಲೆ ಇದ್ದರೆ ಬೇರೆ ಮಾತು. ಅದಕ್ಕೇ ನನಗೆ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿದರು. ಇರಲಿಲ್ಲ.

ಇದಕ್ಕೊಂದು ಉದ್ದದ ಹೆಸರಿದೆ, ಜೆನಿಟೊಯೂರಿನರಿ ಸಿಂಡ್ರೋಮ್ ಆಫ್ ಮೆನೋಪಾಸ್ ಅಂತ (ಮುಟ್ಟು ನಿಂತ ಮೇಲೆ ಜನನಾಂಗದಲ್ಲಿ, ಮೂತ್ರದ ದಾರಿಯಲ್ಲಿ ಬರುವ ತೊಂದರೆಗಳು), ಚಿಕ್ಕದಾಗಿ ಜಿಎಸ್ಎಂ. ಮಗಳು ಹುಡುಕಿ ಓದಿ ಹೇಳಿದ ಒಂದು ವಿಷಯ ನನಗೆ ತುಂಬಾ ಇಷ್ಟವಾಯಿತು. ಈ ಹೆಸರು ಬಂದಿದ್ದೇ 2014ರಲ್ಲಿ. ಅದಕ್ಕೂ ಮುಂಚಿನ ಹೆಸರಿನಲ್ಲಿ ಯೋನಿ ಸೊರಗಿದೆ ಅನ್ನುವ ಅರ್ಥ ಬರುತ್ತಿತ್ತು. ಯೋನಿಗೆ ಇರೋ ಇಂಗ್ಲಿಷ್ ಪದವನ್ನು ಜನರ ಮುಂದೆ, ಪತ್ರಿಕೆ ಟೀವಿಗಳಲ್ಲಿ ಹೇಳೋಕೆ ಮುಜುಗರ ಅನ್ನೋದೂ ಹೆಸರು ಬದಲಿಸೋಕೆ ಒಂದು ಕಾರಣವಂತೆ. ಅಮೆರಿಕದ ದೊಡ್ಡ ಡಾಕ್ಟರುಗಳ ಕಥೆಯೇ ಹೀಗಾದರೆ ರಿಪ್ಪನ್‌ಪೇಟೆ ಬಸ್ಸಿನಲ್ಲಿ ಕೂತ ನನ್ನದೇನು ಮಹಾ!

ಚಿಕಿತ್ಸೆ ಸರಳ. ಸೋಪು, ಬೇವಿನ ನೀರು, ಸುವಾಸನೆಯ ವಾಶ್ ಎಲ್ಲ ಬಂದ್. ಉಗುರುಬೆಚ್ಚಗಿನ ಬರೀ ನೀರು, ಅದೂ ಹೊರಗೆ ಮಾತ್ರ. ಒತ್ತಿ ಒರೆಸಬೇಕು, ಉಜ್ಜಬಾರದು. ಹೊರಗಿನ ಚರ್ಮಕ್ಕೆ ದಿನಾ ರಾತ್ರಿ ಮನೆಯ ಕೊಬ್ಬರಿ ಎಣ್ಣೆ. (ಕಾಂಡೋಮ್ ಬಳಸುವವರು ಹುಷಾರು, ಎಣ್ಣೆ ತಾಗಿದರೆ ಲೇಟೆಕ್ಸ್ ರಬ್ಬರು ಸಡಿಲವಾಗಿ ಹರಿಯಬಹುದು.) ರಾತ್ರಿ ಒಳಬಟ್ಟೆ ಬೇಡ, ಹಳೇ ಕಾಟನ್ ನೈಟಿ ಸಾಕು. ಕೆಮ್ಮಿದರೆ ಎರಡು ಹನಿ ಉಚ್ಚೆ ಹೋಗುತ್ತದೆ ಅಂತ ನಾನು ದಿನವಿಡೀ ಪ್ಯಾಡ್ ಇಟ್ಟುಕೊಳ್ಳುತ್ತಿದ್ದೆ, ಅದೂ ಕಡಿತಕ್ಕೆ ಕಾರಣ ಅಂದರು. ಆ ಹನಿ ಹೋಗೋದಕ್ಕೂ ಪದೇ ಪದೇ ಉರಿಮೂತ್ರ ಆಗೋದಕ್ಕೂ ಇದೇ ಹಾರ್ಮೋನಿನ ನಂಟು ಇರಬಹುದಂತೆ. ಮೊಸರು ಹಚ್ಚಬಹುದಾ ಅಂತ ಕೇಳಿದೆ, ಹುಳಿ ಬೇಕು ಅಂದರಲ್ಲ ಅಂತ. ನಕ್ಕರು. ಊಟಕ್ಕೆ ಇಟ್ಟುಕೊಳ್ಳಿ ಅಂದರು.

ಮುಖ್ಯ ಔಷಧಿ ಈಸ್ಟ್ರೋಜೆನ್ ಕ್ರೀಮು. ಮೊದಲ ಎರಡು ವಾರ ದಿನಾ ರಾತ್ರಿ ಒಳಗೆ ಹಾಕೋದು, ಆಮೇಲೆ ವಾರಕ್ಕೆ ಎರಡು ಸಲ. ಹಾರ್ಮೋನು ಅಂದ ಕೂಡಲೇ ನನಗೆ ಕ್ಯಾನ್ಸರ್ ಭಯ. ಇದು ಕಡಿಮೆ ಪ್ರಮಾಣ, ಅಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರೋದು ತೀರಾ ಕಡಿಮೆ ಅಂತ ವಿವರಿಸಿದರು. ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ತಮ್ಮ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಮುಟ್ಟಬಾರದು. ವಾರಕ್ಕೆ ಎರಡು ಸಲ ಅಂದಾಗ ಮಂಗಳವಾರ, ಶುಕ್ರವಾರ ಅಂತ ಗೊತ್ತು ಮಾಡಿದೆ. ಶುಕ್ರವಾರ ದೇವರ ದೀಪ ಹಚ್ಚಿದ ಕೈಯಲ್ಲಿ ಯಾಕೋ ಸರಿಹೋಗಲಿಲ್ಲ, ಸೋಮವಾರ, ಗುರುವಾರಕ್ಕೆ ಬದಲಾಯಿಸಿದೆ. ನಗಬೇಡಿ.

ತಕ್ಷಣ ಏನೂ ಆಗಲಿಲ್ಲ. ಮೂರನೇ ವಾರಕ್ಕೆ ಒಂದು ರಾತ್ರಿ ನಡುವೆ ಎಚ್ಚರವಾಗದೆ ಮಲಗಿದೆ. ಪೂರ್ತಿ ಸಮಾಧಾನ ಆಗೋಕೆ ಎರಡೂವರೆ ತಿಂಗಳು ಹಿಡಿಯಿತು. ಮೈ ಬಿಸಿಯಾಗೋದು ಕೆಲವು ವರ್ಷಕ್ಕೆ ತಾನಾಗೇ ಕಡಿಮೆಯಾಗುತ್ತದೆ, ಇದು ಹಾಗಲ್ಲ, ಔಷಧಿ ಬಿಟ್ಟರೆ ವಾಪಸ್ ಬರಬಹುದು. ನಡುವೆ ಒಂದು ತಿಂಗಳು ಸೋಮಾರಿತನ ಮಾಡಿ ಅನುಭವಿಸಿದ್ದೇನೆ.

ಎಲ್ಲರ ಕಡಿತವೂ ಇದೇ ಅಂತ ಮಾತ್ರ ತಿಳಿಯಬೇಡಿ. ಚರ್ಮ ಬೆಳ್ಳಗೆ, ತೆಳು ಕಾಗದದ ಹಾಗೆ ಸುಕ್ಕಾಗಿದ್ದರೆ ಅದು ಲೈಕೆನ್ ಸ್ಕ್ಲೆರೋಸಸ್ ಅನ್ನುವ ಬೇರೆ ಕಾಯಿಲೆ ಇರಬಹುದು. ಅದಕ್ಕೆ ಮದ್ದು ಡಾಕ್ಟರು ಅಳತೆ ನೋಡಿ ಕೊಡುವ ಜೋರು ಸ್ಟೀರಾಯ್ಡೇ, ಬಿಟ್ಟರೆ ಅಪರೂಪಕ್ಕೆ ಕ್ಯಾನ್ಸರ್‌ಗೂ ತಿರುಗಬಹುದು. ಮಾಯದ ಹುಣ್ಣು, ಗಂಟು, ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಲೇಬೇಕು. ಫೋನಲ್ಲಿ ಕೇಳೋದಲ್ಲ, ತೋರಿಸೋದು.

ವಯಸ್ಸಾದವರಿಗೆ ಮಾತ್ರ ಅಂತಲೂ ಅಲ್ಲ. ಅಣ್ಣನ ಮಗಳು ಬಾಣಂತನಕ್ಕೆ ಬಂದಿದ್ದಾಗ ಇದೇ ಗೋಳು ಹೇಳಿಕೊಂಡಳು, ಹಾಲು ಕುಡಿಸುವಾಗಲೂ ಈಸ್ಟ್ರೋಜೆನ್ ಇಳಿದಿರುತ್ತದೆ, ಅದೇ ಒಣಗುವಿಕೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಇನ್ನೂ ಜೋರು, ಯಾಕೆಂದರೆ ಅವರಿಗೆ ಹಾರ್ಮೋನು ಒಂದೇ ಏಟಿಗೆ ನಿಲ್ಲುತ್ತದೆ. ನಮ್ಮ ಸುತ್ತಮುತ್ತ ನಲವತ್ತಕ್ಕೆ ಮುಂಚೆ ಆಪರೇಷನ್ ಆದವರು ಎಷ್ಟು ಜನ ಇದ್ದಾರೆ ಲೆಕ್ಕ ಹಾಕಿ ನೋಡಿ.

ನಮ್ಮನೆಯವರಿಗೆ ಹೇಳಿದ್ದು ಎಲ್ಲಕ್ಕಿಂತ ಕಷ್ಟ. ವರ್ಷದಿಂದ ನಾನು ಹತ್ತಿರ ಸೇರಿಸುತ್ತಿರಲಿಲ್ಲ, ನೋವಾಗುತ್ತಿತ್ತು, ಅವರು ಅದನ್ನು ಸಿಟ್ಟು ಅಂದುಕೊಂಡಿದ್ದರು. ತೋಟದ ಬದುವಿನಲ್ಲಿ ನಿಂತು, ಮುಖ ನೋಡದೆ, ಅಡಿಕೆ ಮರಕ್ಕೆ ಹೇಳುವ ಹಾಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಮೊದಲೇ ಹೇಳೋದಲ್ವಾ’ ಅಂದರು, ಅಷ್ಟೇ.

ನಮ್ಮೂರ ಮೆಡಿಕಲ್ಲಿನಲ್ಲಿ ಆ ಕ್ರೀಮು ಸಿಗೋದಿಲ್ಲ. ಹೋದ ತಿಂಗಳು ಅವರು ಮಂಡಿ ಕೆಲಸಕ್ಕೆ ಶಿವಮೊಗ್ಗಕ್ಕೆ ಹೊರಟಾಗ ಚೀಟಿ ಕೊಟ್ಟೆ. ಸಂಜೆ ಅಡಿಕೆ ಲೆಕ್ಕದ ಕಾಗದದ ಜೊತೆ, ಪೇಪರಿನಲ್ಲಿ ಸುತ್ತಿ, ಅದರ ಮೇಲೆ ಕಪ್ಪು ಕವರು, ಅದರ ಮೇಲೆ ಇನ್ನೊಂದು ಕವರು ಹಾಕಿದ ಟ್ಯೂಬ್ ತಂದುಕೊಟ್ಟರು. ಅಂಗಡಿಯಲ್ಲಿ ಏನಂತ ಕೇಳಿದಿರಿ ಅಂದೆ.

‘ಏನೂ ಕೇಳಲಿಲ್ಲ, ಚೀಟಿ ತೋರಿಸಿದೆ’ ಅಂದರು.